ಹಂಚಿನ ಮೇಲೆ ಯಾಕಿಷ್ಟು ಸಿಟ್ಟು ಮಾರಾಯ್ರೆ?

ಯುಗಾದಿ ಕಳೀತು. ಅಡಿಕೆ ಕೊನೇ ಕೊಯ್ಲು ಮುಗಿದು ಅಂಗಳದ ಚಪ್ಪರ ಬಿಚ್ಚೋ ಹೊತ್ತು. ಮಿರ್ಗದ ಮಳೆಗೆ ಇನ್ನು ಎಂಟು ವಾರ ಇದೆ ಅಷ್ಟೇ. ನಮ್ಮ ರಸ್ತೇಲಿ ಈಗ ದಿನಾ ಪಿಕಪ್ ಗಾಡಿಗಳು ಓಡಾಡ್ತಾ ಇವೆ. ಹೋಗುವಾಗ ನೀಲಿ, ಕೆಂಪು, ಹಸಿರು ಬಣ್ಣದ ಶೀಟ್. ವಾಪಸ್ ಬರುವಾಗ ಅದೇ ಗಾಡೀಲಿ ಮಂಗಳೂರು ಹಂಚು, ಹುಲ್ಲು ಹಾಸಿ ಅಚ್ಚುಕಟ್ಟಾಗಿ ಜೋಡಿಸಿದ್ದು. ನಮ್ಮ ಮನೆಗಳಿಂದ 12 ರೂಪಾಯಿಗೊಂದರ ಹಾಗೆ ಎತ್ಕೊಂಡು ಹೋದ ಹಂಚು ಎಲ್ಲಿಗೆ ಹೋಗುತ್ತೆ ಅಂತ ಕೇಳಿದೆ. ರೆಸಾರ್ಟಿಗಂತೆ. ಅಲ್ಲಿ ಅದನ್ನ ತೊಳೆದು ಹೊದೆಸಿ, "ಮಲೆನಾಡಿನ ಹಳೇ ಮನೆ ಅನುಭವ" ಅಂತ ಒಂದು ರಾತ್ರಿಗೆ ನಮ್ಮ ಒಂದು ವಾರದ ಕೂಲಿ ತಗೊಳ್ತಾರೆ. ನಾವು ಇಲ್ಲಿ ಶೀಟಿನ ಅಡಿಯಲ್ಲಿ ಕೂತು ಫ್ಯಾನ್ ಹಾಕ್ಕೊಂಡು ಸೆಕೆ ಸೆಕೆ ಅಂತೀವಿ.

ಮೊನ್ನೆ ಗ್ರಾಮಸಭೆ ಇತ್ತು. ಅಲ್ಲಿ ಒಬ್ಬರು ದೊಡ್ಡವರು ಎದ್ದು ನಿಂತು, "ಇನ್ನೂ ಹಂಚಿನ ಮನೇಲಿ ಇದ್ದೀವಿ ಅಂದ್ರೆ ನಮ್ಮೂರು ಮುಂದೆ ಬಂದಿಲ್ಲ ಅಂತ ಅರ್ಥ. ಹಂಚು ಸೋರುತ್ತೆ, ಸೋರುತ್ತೆ, ಸೋರುತ್ತೆ. ಒಂದು ಸಲ ಶೀಟ್ ಹಾಕಿ, ಮತ್ತೆ ಮೇಲೆ ನೋಡೋದೇ ಬೇಡ" ಅಂದ್ರು. ಎಲ್ಲರೂ ತಲೆ ಆಡಿಸಿದ್ರು. ನಾನು ಅಲ್ಲೇ ಎರಡು ಮಾತು ಹೇಳಿದೆ, ಆದ್ರೆ ಊಟದ ಹೊತ್ತಾಗಿತ್ತು, ಯಾರೂ ಕೇಳಿಸ್ಕೊಳ್ಳಲಿಲ್ಲ. ಅದಕ್ಕೆ ಇಲ್ಲಿ ಪೂರ್ತಿ ಬರೀತಾ ಇದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಅವರ ಮಾತಲ್ಲಿ ನನಗೆ ತಕರಾರು ಇರೋದು ಶೀಟ್ ಬಗ್ಗೆ ಅಲ್ಲ. "ಮತ್ತೆ ಮೇಲೆ ನೋಡೋದೇ ಬೇಡ" ಅಂದ್ರಲ್ಲ, ಅದರ ಬಗ್ಗೆ. ನಮ್ಮ ಹೊಸನಗರ ತಾಲ್ಲೂಕಲ್ಲಿ, ಹುಲಿಕಲ್ ಪಕ್ಕದಲ್ಲಿ, ಆಗುಂಬೆ ದಿಕ್ಕಲ್ಲಿ ವರ್ಷಕ್ಕೆ 6,000–7,000 ಮಿಲಿಮೀಟರ್ ಹೊಯ್ಯೋ ಜಾಗದಲ್ಲಿ ಮೇಲೆ ನೋಡದೇ ಇರಬಹುದಾದ ಮಾಡು ಅನ್ನೋದೇ ಇಲ್ಲ. ಹಂಚಾಗಲಿ, ಶೀಟಾಗಲಿ, ತಾರಸಿಯಾಗಲಿ. ತಾರಸಿ ಹಾಕ್ಸಿದವರ ಕಥೆ ನಿಮಗೇ ಗೊತ್ತು. ಮೊದಲ ಎರಡು ಮಳೆಗಾಲ ಗತ್ತು, ಮೂರನೇ ವರ್ಷ ಗೋಡೆ ಮೇಲೆ ಕಪ್ಪು ಗೆರೆ, ಐದನೇ ವರ್ಷ ತಾರಸಿ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು. ನಮ್ಮೂರಲ್ಲಿ ಬರೀ ತಾರಸಿ ಇರೋ ಮನೆ ತೋರಿಸಿ ನೋಡೋಣ. ನೀರು ನಿಲ್ಲದ ಹಾಗೆ ಇಳಿಜಾರು ಕೊಡಬೇಕಾದ ಸೀಮೆಗೆ ಬಯಲುಸೀಮೆ ನಕ್ಷೆ ತಂದು ಹಾಕಿದ್ರೆ ಇನ್ನೇನಾಗುತ್ತೆ.

ನಮ್ಮಜ್ಜನ ಕಾಲದಲ್ಲಿ ಸೋಗೆ ಮನೆ. ಪ್ರತಿ ವರ್ಷ ಸೋಗೆ ಕಡಿದು, ಒಣಗಿಸಿ, ಹೊದೆಸಬೇಕು. ಹೊದೆಸೋ ದಿನ ಊಟ ಹಾಕಬೇಕು, ಹತ್ತು ಜನ ಬರ್ತಿದ್ರು. ಯಾರೂ "ಒಂದು ಸಲ ಹಾಕಿದ್ರೆ ಮುಗೀತು" ಅಂದ್ಕೊಂಡಿರಲಿಲ್ಲ. ಹಂಚು ಬಂದಾಗ ಅದು ದೊಡ್ಡ ಆರಾಮ ಅನ್ನಿಸ್ತು. ವರ್ಷಾ ಹೊಸದಾಗಿ ಹೊದೆಸೋದು ಬೇಡ, ಕೈಯಾಡಿಸಿದ್ರೆ ಸಾಕು. ಈಗ ಅದೂ ಹೆಚ್ಚಾಯ್ತು ನಮಗೆ.

ಹಂಚಿನ ಕಥೆ ಸ್ವಲ್ಪ ಹೇಳ್ತೀನಿ, ಗೊತ್ತಿಲ್ಲದ ಹುಡುಗರಿಗೆ. ಮಂಗಳೂರಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ್ರು. ಪ್ಲೆಬ್ಸ್ಟ್ ಅನ್ನೋ ಜರ್ಮನಿಯವರು ಅದರ ಹಿಂದೆ ಇದ್ದವರು. ನೇತ್ರಾವತಿ ದಡದ ಜೇಡಿಮಣ್ಣು, ಘಟ್ಟದ ಸೌದೆ, ಸಾಗಿಸೋಕೆ ಹೊಳೆ, ಸಮುದ್ರ ಎಲ್ಲ ಅಲ್ಲೇ ಇತ್ತು. ನಿಮ್ಮ ಹಂಚು ತಿರುಗಿಸಿ ನೋಡಿದ್ರೆ ಕೆಲವದರ ಮೇಲೆ 1865 ಅಂತ ಅಚ್ಚು ಇರುತ್ತೆ. ಅದು ಆ ಹಂಚು ಮಾಡಿದ ವರ್ಷ ಅಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಆದ್ರೂ ಮೊದಲ ಮಹಾಯುದ್ಧದ ಹೊತ್ತಿಗೆ ಕಾರ್ಖಾನೆ ಆ ಮಿಷನ್‌ನವರ ಕೈ ತಪ್ಪಿತು. ಹಾಗಾಗಿ ಆ ಹೆಸರಿರೋ ಹಂಚು ನಿಮ್ಮ ಅಟ್ಟದ ಮೇಲಿದ್ರೆ ಅದು ನೂರು ಮಳೆಗಾಲ ಕಂಡಿದ್ದು. ನಮ್ಮ ಮನೆ ದೇವರಕೋಣೆ ಮೇಲೆ ಹಂಗಿದ್ದು ಮೂವತ್ತು ನಲವತ್ತು ಇವೆ. ಬೆರಳ ಗಂಟಲ್ಲಿ ಕುಟ್ಟಿದ್ರೆ ಈಗಲೂ ಟಣ್ ಅನ್ನುತ್ತೆ. ನೀಲಿ ಶೀಟಿಗೆ ಅಂಗಡಿಯವರು ಹತ್ತು ವರ್ಷ ಗ್ಯಾರಂಟಿ ಅಂತಾರೆ, ಅದೂ ಬಾಯಿಮಾತಲ್ಲಿ.

ಹಂಗಾದ್ರೆ ಹಂಚಿನ ಮನೆ ಸೋರಲ್ವಾ? ಸೋರುತ್ತೆ. ಯಾಕೆ ಸೋರುತ್ತೆ ಅಂತ ನೋಡಬೇಕಲ್ಲ.

ಮೊದಲನೇದು ಕಸ. ಹಲಸಿನ ಮರದ ಕೊಂಬೆ ಮಾಡಿನ ಮೇಲೆ ಬಾಗಿರುತ್ತೆ, ಎಲೆ ಬಿದ್ದು ಹಂಚಿನ ಗಾಡಿಯಲ್ಲಿ ಕೂರುತ್ತೆ. ಎಲೆ ಕೊಳೆತು ಮಣ್ಣಾಗುತ್ತೆ, ಮಣ್ಣಲ್ಲಿ ಹಾವಸೆ ಬೆಳೆಯುತ್ತೆ, ಹಾವಸೆ ನೀರು ಹಿಡಿಯುತ್ತೆ. ಕೆಳಗೆ ಹರಿಯಬೇಕಾದ ನೀರು ಅಲ್ಲೇ ನಿಂತು ಮೇಲಿನ ಹಂಚಿನ ಅಡಿಗೆ ಹಿಂದಕ್ಕೆ ನುಗ್ಗುತ್ತೆ. ಹಂಚು ಒಡೆದೇ ಇಲ್ಲ, ಆದ್ರೂ ಒಳಗೆ ತೊಟ್ಟಿಕ್ಕುತ್ತೆ. ನಾವು ಹಂಚಿಗೆ ಬೈತೀವಿ. ಕೊಂಬೆ ಕಡಿಯೋಕೆ ಮಾತ್ರ ಮನಸ್ಸಿಲ್ಲ, ಹಲಸಿನ ಹಪ್ಪಳ ಬೇಕಲ್ಲ.

ಎರಡನೇದು ಮರ. ರೀಪು, ಪಕಾಸು ಒರಲೆ ತಿಂದೋ, ಕುಟ್ಟೆ ಹಿಡಿದೋ ಒಂದು ಕಡೆ ಬಗ್ಗಿದ್ರೆ ಅಲ್ಲಿ ಹಂಚಿನ ಸಾಲು ಬಾಯಿ ಬಿಡುತ್ತೆ. ಮನೆ ಎದುರು ಹತ್ತಿಪ್ಪತ್ತು ಮಾರು ದೂರ ನಿಂತು ಮಾಡಿನ ಸಾಲು ನೋಡಿ. ಎಲ್ಲಾದ್ರೂ ಹೊಟ್ಟೆ ಇಳಿದ ಹಾಗೆ ಕಂಡ್ರೆ ಅಲ್ಲೇ ನಿಮ್ಮ ಸೋರಿಕೆ. ಅಲ್ಲಿ ಹಂಚು ಬದಲಾಯಿಸಿದ್ರೆ ಏನೂ ಪ್ರಯೋಜನ ಇಲ್ಲ, ಅಡಿಯ ಮರ ಬದಲಾಯಿಸಬೇಕು. ಈಗ ರೀಪಿಗೆ ಒಳ್ಳೆ ಮರ ಎಲ್ಲಿದೆ ಅಂತೀರಿ. ನಿಜ. ಆದ್ರೆ ನಮ್ಮ ಹತ್ರ ಅಡಿಕೆ ಮರ ಇದೆಯಲ್ಲ. ಬಲಿತ ಹಳೇ ಮರದ ದಬ್ಬೆ, ಒಳಗಿನ ಮೆತ್ತನೆ ತಿರುಳು ಪೂರ್ತಿ ಕೆತ್ತಿ ತೆಗೆದದ್ದು, ಹೊಗೆ ತಾಗೋ ಅಡುಗೆಮನೆ ಮೇಲೆ ನಮ್ಮಲ್ಲಿ ಇಪ್ಪತ್ತು ವರ್ಷ ಬಂದಿದೆ. ಎಳೇ ಮರದ ದಬ್ಬೆ ಹಾಕಿ ನಾಲ್ಕು ವರ್ಷಕ್ಕೆ ಹೋಯ್ತು ಅಂತ ದೂರಬೇಡಿ.

ಮೂರನೇದು, ಎರಡು ಮಾಡು ಸೇರೋ ಮೂಲೆ. ಅರ್ಧಕ್ಕರ್ಧ ಸೋರಿಕೆ ಇಲ್ಲೇ ಅಂತ ನನ್ನ ಅಂದಾಜು. ಎರಡೂ ಕಡೆ ನೀರು ಬಂದು ಒಂದೇ ತಗಡಿನ ದೋಣಿಗೆ ಬೀಳುತ್ತೆ. ತಗಡು ಒಂದಡಿ ಅಗಲದ್ದು ಹಾಕಿರ್ತಾರೆ. ಆರಿದ್ರ, ಪುನರ್ವಸು ಮಳೆ ಜೋರು ಹಿಡಿದಾಗ ಅದು ತುಂಬಿ ಪಕ್ಕಕ್ಕೆ ಉಕ್ಕುತ್ತೆ. ಒಂದೂವರೆ ಅಡಿಗೆ ಕಮ್ಮಿ ಹಾಕ್ಲೇಬೇಡಿ, ಎರಡೂ ಅಂಚು ಮೇಲಕ್ಕೆ ಮಡಚಿರಬೇಕು, ಮತ್ತೆ ಮಳೆ ಹಿಡಿಯೋಕೆ ಮೊದಲು ಒಂದು ಸಲ, ಮಧ್ಯೆ ಹೊಳವಾದಾಗ ಒಂದು ಸಲ ಅಲ್ಲಿನ ಎಲೆ ತೆಗೀಬೇಕು.

ನಾಲ್ಕನೇದು ಮಂಗ. ಇದರ ಬಗ್ಗೆ ನಾನೇನು ಹೇಳಲಿ. ಒಂದು ಹಿಂಡು ಮಾಡಿನ ಮೇಲೆ ಒಂದು ಸಲ ಓಡಿದ್ರೆ ಹತ್ತು ಹಂಚು ಜಾರುತ್ತೆ, ಎರಡು ಒಡೆಯುತ್ತೆ. ನಮ್ಮ ಜಿಲ್ಲೇಲಿ ಮಂಗನ ಪಾರ್ಕ್ ಮಾಡ್ತೀವಿ ಅಂತ ಮಾತು ಎದ್ದು, ಪೇಪರಲ್ಲಿ ಬಂದು, ತಣ್ಣಗಾಯ್ತು. ಮಂಗನ ಕಾಟಕ್ಕೆ ಹಂಚು ತೆಗೆದೆ ಅಂದವರಿಗೆ ನನ್ನ ಹತ್ರ ಉತ್ತರ ಇಲ್ಲ, ಅವರ ಜೊತೆ ಜಗಳವೂ ಇಲ್ಲ.

ಈಗ ಕೈಯಾಡಿಸೋ ವಿಷಯ. ನಮ್ಮ ಮನೆ ಮಾಡು ಸುಮಾರು 1,400 ಚದರಡಿ. 2,100 ಹಂಚಿನ ಮೇಲೆ ಬರುತ್ತೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಕೈಯಾಡಿಸ್ತೀವಿ, ಮಧ್ಯದ ವರ್ಷ ಬರೀ ಕಸ ತೆಗೆದು ಜಾರಿದ್ದು ಕೂರಿಸ್ತೀವಿ. ಹೋದ ವರ್ಷ ಗೊತ್ತಿರೋ ಇಬ್ಬರು, ಕೆಳಗೆ ಕೊಡೋಕೆ ಇಬ್ಬರು, ಮೂರು ದಿನ. ಕೂಲಿ, ಬದಲಾಯಿಸಿದ ಅರವತ್ತು ಹಂಚು, ನಾಲ್ಕು ಪಕಾಸು ಎಲ್ಲ ಸೇರಿ 14,000 ಹತ್ರ ಬಂತು. ಅದೇ ಮಾಡಿಗೆ ಕಬ್ಬಿಣದ ಕೆಲಸ ಸೇರಿ ಶೀಟಿಗೆ ಕೇಳಿದ ರೇಟು ಎರಡೂವರೆ ಲಕ್ಷ. ಬಡ್ಡಿ ಲೆಕ್ಕ ಹಾಕೋಕೆ ಎಸ್ಸೆಸ್ಸೆಲ್ಸಿ ಸಾಕು. ಎರಡೂವರೆ ಲಕ್ಷಕ್ಕೆ ಸೊಸೈಟಿ ಸಾಲ ಮಾಡಿ, ಅದರ ಬಡ್ಡಿಯಲ್ಲೇ ಪ್ರತಿ ವರ್ಷ ಹಂಚು ಕೈಯಾಡಿಸಬಹುದು.

ಕೆಲಸ ಮಾಡಿಸುವಾಗ ಕೆಲವು ನೋಡ್ಕೊಳ್ಳಿ. ಹಂಚು ಒಂದೊಂದು ಸಾಲು ತೆಗೆದು ತೆಂಗಿನ ಸಿಪ್ಪೆಯಲ್ಲೋ ಗಟ್ಟಿ ಬ್ರಷ್ಷಲ್ಲೋ ಒಣಗಿದ್ದಾಗಲೇ ಉಜ್ಜಬೇಕು. ಈಗ ಗಾಡಿ ತೊಳೆಯೋ ಮಿಷನ್ ತಂದು ಜೋರು ನೀರು ಬಿಡೋ ಫ್ಯಾಷನ್ ಬಂದಿದೆ. ನೋಡೋಕೆ ಚಂದ, ಹಂಚು ಕೆಂಪಗೆ ಹೊಳೆಯುತ್ತೆ. ಆದ್ರೆ ಸುಟ್ಟ ಮೇಲ್ಪದರ ಎದ್ದು ಹೋಗಿ ಮರುವರ್ಷ ದುಪ್ಪಟ್ಟು ಹಾವಸೆ ಕೂರುತ್ತೆ. ಅನುಮಾನ ಬಂದ ಹಂಚನ್ನ ಕುಟ್ಟಿ ನೋಡಿ, ಡಬ್ ಅಂದ್ರೆ ಕೂದಲೆಳೆ ಬಿರುಕು ಇದೆ. ಹಂಚು ಕವುಚಿ ಇಟ್ಟು ಅದರ ಗುಂಡೀಲಿ ನೀರು ನಿಲ್ಲಿಸಿ ಒಂದು ತಾಸು ಬಿಡಿ, ಅಡಿಯಲ್ಲಿ ತೇವ ಇಳಿದಿದ್ರೆ ಅದನ್ನ ಕೊಟ್ಟಿಗೆಗೆ ಹಾಕಿ. ಜೋಡಿಸುವಾಗ ಸೂರಿನಿಂದ ಮೇಲಕ್ಕೆ. ನೆತ್ತಿ ಮೇಲಿನ ಕವುಚು ಹಂಚಿಗೆ ಬರೀ ಸಿಮೆಂಟ್ ಮೆತ್ತಬೇಡಿ. ಮರದ ಮಾಡು ಬಿಸಿಲಿಗೆ ಒಣಗುತ್ತೆ, ಮಳೆಗೆ ಉಬ್ಬುತ್ತೆ. ಸಿಮೆಂಟ್ ಅದರ ಜೊತೆ ಹೋಗಲ್ಲ, ಬಿರುಕು ಬಿಡುತ್ತೆ. ಸುಣ್ಣ ಸೇರಿಸಿದ ಗಾರೆ ಹಾಕಿಸಿ.

ಸೋರಿಕೆ ಹುಡುಕೋದಕ್ಕೂ ಒಂದು ಕ್ರಮ ಇದೆ. ನೀರು ತೊಟ್ಟಿಕ್ಕೋ ಜಾಗ ಬೇರೆ, ಒಳಗೆ ನುಗ್ಗೋ ಜಾಗ ಬೇರೆ. ಪಕಾಸಿನ ಮೇಲೆ ಹರಿದು ನಾಲ್ಕಡಿ ಕೆಳಗೆ ಬಂದು ಬೀಳುತ್ತೆ. ಮೇ ತಿಂಗಳ ಅಡ್ಡಮಳೆ ಬಂದಾಗ ಟಾರ್ಚ್ ಹಿಡಿದು ಅಟ್ಟ ಹತ್ತಿ, ಒದ್ದೆಯಾದ ಪಕಾಸಿಗೆ ಸುಣ್ಣದ ಗುರುತು ಹಾಕಿ. ಹೊಳವಾದ ಮೇಲೆ ಆ ಗುರುತಿಂದ ಮೇಲಕ್ಕೆ ಹುಡುಕಿ. ಮಳೆ ಬಾರದಿದ್ರೆ ಪೈಪಲ್ಲಿ ನೀರು ಬಿಟ್ಟು ನೋಡಬಹುದು. ಆದ್ರೆ ಸೂರಿನ ಕಡೆಯಿಂದ ಶುರು ಮಾಡಿ ನಿಧಾನ ಮೇಲೆ ಹೋಗಬೇಕು, ಮೇಲಿಂದ ಬಿಟ್ರೆ ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ.

ಇದೆಲ್ಲ ಬೇಸಿಗೇಲಿ ಮಾಡೋ ಕೆಲಸ. ಆದ್ರೆ ನಾವು ಯಾವಾಗ ಮಾಡು ಹತ್ತೋದು? ಜುಲೈನಲ್ಲಿ. ಮಂಚದ ಮೇಲೆ ನೀರು ಬಿದ್ದಾಗ. ನಮ್ಮ ಕೆಳಗಿನ ಕೇರಿಯ ಒಬ್ಬರು, ನನಗಿಂತ ನಾಲ್ಕು ವರ್ಷ ಚಿಕ್ಕವರು, ಮೂರು ವರ್ಷದ ಕೆಳಗೆ ಪುನರ್ವಸು ಮಳೇಲಿ ಒಂದೇ ಒಂದು ಜಾರಿದ ಹಂಚು ಸರಿ ಮಾಡೋಕೆ ಹತ್ತಿದ್ರು. ಹಾವಸೆ ಮೇಲೆ ಕಾಲು ಜಾರಿ ಅಂಗಳಕ್ಕೆ ಬಿದ್ರು. ಬೆನ್ನುಮೂಳೆಗೆ ಪೆಟ್ಟು. ಈಗ ಜಗುಲಿ ಮೇಲೆ ಕುರ್ಚೀಲಿ ಕೂತಿರ್ತಾರೆ. ಎರಡೆಕರೆ ತೋಟ ಚೇಣಿಗೆ ಕೊಟ್ಟಿದ್ದಾರೆ, ಮಗಳ ಓದು ಅರ್ಧಕ್ಕೆ ನಿಂತಿತು. ಬಿದ್ದ ಮರುವರ್ಷ ನೆಂಟರೆಲ್ಲ ಸೇರಿ ಆ ಮನೆಗೆ ಶೀಟ್ ಹಾಕ್ಸಿದ್ರು. ಊರಲ್ಲಿ ಎಲ್ಲರೂ "ಹಂಚಿಂದ ಹಿಂಗಾಯ್ತು" ಅಂತಾರೆ. ಆ ಮನೆ ಹಂಚಿಗೆ ಏಳು ವರ್ಷ ಯಾರೂ ಕೈ ಹಾಕಿರಲಿಲ್ಲ, ಯಾಕಂದ್ರೆ ಆಳು ಸಿಗಲಿಲ್ಲ. ಅವರು ಮೂರು ಬೇಸಿಗೆ ಆಳಿಗೆ ಹೇಳಿ ಹೇಳಿ ಸಾಕಾಗಿತ್ತು ಅಂತ ಅವರ ಹೆಂಡತಿ ನನ್ನ ಹತ್ರ ಹೇಳಿದಾರೆ. ಅಂದ್ರೆ ತಪ್ಪು ಹಂಚಿಂದೂ ಅಲ್ಲ, ಅವರದ್ದೂ ಅಲ್ಲ. ಮಾಡು ಹತ್ತೋಕೆ ಗೊತ್ತಿದ್ದ ನಾಲ್ಕು ಜನರಲ್ಲಿ ಇಬ್ಬರು ತೀರ್ಕೊಂಡ್ರು, ಇಬ್ಬರಿಗೆ ಮಂಡಿ ನೋವು, ಹೊಸಬರಿಗೆ ಯಾರೂ ಕಲಿಸಲಿಲ್ಲ. ಇದು ಇಡೀ ಊರಿನ ವಿಷಯ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಎಷ್ಟು ಮನೆ ಮಣ್ಣಿನ ಗೋಡೆಯದ್ದು ಅಂತ ಎಣಿಸಿ ನೋಡಿ. ಮಣ್ಣಿನ ಗೋಡೆ ಒಣಗಿದ್ದಷ್ಟು ದಿನ ಕಲ್ಲಿನ ಹಾಗೆ. ಆದ್ರೆ ಗೋಡೆಯ ತಲೆಗೆ ಮೇಲಿಂದ ನೀರು ಇಳಿಯೋಕೆ ಶುರುವಾದ್ರೆ ಮೂರು ವಾರ ಸಾಕು. ಹೊರಗೆ ಸುಣ್ಣ ಚಂದ ಇರುತ್ತೆ, ಒಳಗೆ ಹಿಟ್ಟಾಗಿರುತ್ತೆ. ಪ್ರತಿ ಮಳೆಗಾಲ ಪೇಪರಲ್ಲಿ ಬರುತ್ತಲ್ಲ, "ಗೋಡೆ ಕುಸಿದು ಸಾವು" ಅಂತ. ಗೋಡೆ ಸುಮ್ಮನೆ ಕುಸಿಯಲ್ಲ. ಹಿಂದಿನ ವರ್ಷ ಯಾರೋ ಸರಿ ಮಾಡದ ಸೂರಿನ ಎರಡು ಹಂಚು ಅದರ ಹಿಂದೆ ಇರುತ್ತೆ. ಮೊದಲು ಪಡುವಣ ಗೋಡೆಗೆ ಇರಚಲು ಹೊಡೆಯದ ಹಾಗೆ ಸೋಗೆ ತಟ್ಟಿ ಕಟ್ತಿದ್ರು. ಈಗ ಅದು ಹಳ್ಳಿಗುಗ್ಗು ಕೆಲಸ ಅಂತ ಬಿಟ್ಟಿದೀವಿ.

ಇಲ್ಲಿ ಸರ್ಕಾರದ ಲೆಕ್ಕ ನೋಡಿ. 2022ರಲ್ಲಿ ಕೇಂದ್ರ ಹೊರಡಿಸಿದ ವಿಕೋಪ ಪರಿಹಾರದ ಪಟ್ಟಿಯಲ್ಲಿ, ಮನೆ ಭಾಗಶಃ ಹಾಳಾದ್ರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದೂ ಶೇಕಡಾ 15ಕ್ಕಿಂತ ಕಮ್ಮಿ ಹಾಳಾಗಿದ್ರೆ ಏನೂ ಇಲ್ಲ. ಪೂರ್ತಿ ಬಿದ್ರೆ 1.20 ಲಕ್ಷ. 2019ರ ಆಗಸ್ಟ್ ಮಳೆ ಆದಾಗ ನಮ್ಮ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಮಾಡ್ತು. ಕೊಟ್ಟಿದ್ದು ಒಳ್ಳೇದೇ, ಬಿದ್ದವರಿಗೆ ಸಿಗಲೇಬೇಕು. ಆದ್ರೆ ನನ್ನ ಪ್ರಶ್ನೆ ಇಷ್ಟೇ: ಏಪ್ರಿಲ್‌ನಲ್ಲಿ ನಾಲ್ಕು ಪಕಾಸು, ನೂರು ಹಂಚು ಬದಲಾಯಿಸಿದ್ರೆ ನಿಲ್ಲೋ ಮನೆಗೆ ಯಾವ ಪಟ್ಟಿಯಲ್ಲೂ ಒಂದು ಪೈಸೆ ಇಲ್ಲ, ಅದೇ ಮನೆ ಆಗಸ್ಟ್‌ನಲ್ಲಿ ಬಿದ್ದ ಮೇಲೆ ಲಕ್ಷ ಇದೆ, ಇದ್ಯಾವ ಲೆಕ್ಕ? ಮನೆ ಬಿದ್ದಾಗ ಅಳತೆ ಮಾಡೋಕೆ ಬರೋ ಜೀಪು ಬೇಸಿಗೇಲಿ ಒಂದು ಸಲ ಬಂದು ಯಾವ ಮಾಡಿನ ಹೊಟ್ಟೆ ಇಳಿದಿದೆ ಅಂತ ನೋಡ್ಕೊಂಡು ಹೋಗಬಾರದಾ? ಇದನ್ನ ನಾನು ಗ್ರಾಮಸಭೆ ನಡಾವಳಿಯಲ್ಲಿ ಬರೆಸಬೇಕು ಅಂತ ಅರ್ಜಿ ಕೊಟ್ಟಿದೀನಿ. ತಗೊಂಡವರು "ಇದಕ್ಕೆ ಯೋಜನೆ ಇಲ್ಲ" ಅಂದ್ರು. ಯೋಜನೆ ಇಲ್ಲ ಅಂತಾನೇ ಅಲ್ವಾ ಅರ್ಜಿ ಕೊಟ್ಟಿದ್ದು.

ಶೀಟ್ ಬಗ್ಗೆ ಈಗ. ಶೀಟ್ ಹಾಕ್ಸಿದವರನ್ನ ಬೈಯೋದು ನನ್ನ ಉದ್ದೇಶ ಅಲ್ಲ. ಮಕ್ಕಳೆಲ್ಲ ಬೆಂಗಳೂರಲ್ಲಿ, ಮನೇಲಿ ಎಪ್ಪತ್ತು ದಾಟಿದ ಇಬ್ಬರೇ, ಆಳಿಲ್ಲ, ಮಂಗ ಬೇರೆ. ಅವರು ಏನು ಮಾಡಬೇಕು? ಹಾಕ್ಸಲಿ. ಅಡಿಕೆ ಸುಲಿಯೋ ಶೆಡ್ಡಿಗೆ, ಸೌದೆ ಕೊಟ್ಟಿಗೆಗೆ ನಾನೂ ಹಾಕ್ಸಿದೀನಿ. ಆದ್ರೆ ಅಂಗಡಿಯವರು ಹೇಳದೇ ಇರೋದನ್ನ ತಿಳ್ಕೊಂಡು ಹಾಕ್ಸಿ.

ಗಾಳಿ ನೋಡಿ ಮೊದಲು. ನಮ್ಮ ಮಾಡಿನ ಹಂಚು ಒಟ್ಟು ಐದು ಟನ್ ಹತ್ರ ತೂಗುತ್ತೆ, ಮಳೇಲಿ ನೆನೆದ ಮೇಲೆ ಇನ್ನೂ ಹೆಚ್ಚು. ಅಷ್ಟೇ ಜಾಗದ ಶೀಟು ಆರೇಳು ಕ್ವಿಂಟಲ್. ಏಪ್ರಿಲ್-ಮೇ ಗಾಳಿಮಳೇಲಿ ಹಂಚಿನ ಮಾಡಿಂದ ಹತ್ತು ಹಂಚು ಹಾರಬಹುದು. ಶೀಟಿನ ಮಾಡು ಹಾರಿದ್ರೆ ಕಬ್ಬಿಣದ ಸಮೇತ ಪೂರ್ತಿ ಎದ್ದು ಪಕ್ಕದವರ ತೋಟಕ್ಕೆ, ಇಲ್ಲ ಕರೆಂಟ್ ತಂತಿ ಮೇಲಕ್ಕೆ. ಹಳೇ ಮಣ್ಣಿನ ಗೋಡೆ ಮೇಲೆ ಹಗುರ ಕಬ್ಬಿಣ ಸುಮ್ಮನೆ ಕೂರಿಸಿ ಹೋಗ್ತಾರೆ. ಗೋಡೆಗೆ ಬೋಲ್ಟ್ ಹಾಕಿ ಬಿಗಿಯದೇ ಹೋದ್ರೆ ದುಡ್ಡು ಕೊಡಬೇಡಿ.

ದಪ್ಪ ಕೇಳಿ. ಬಣ್ಣ ತೋರಿಸಿ 0.35 ಮಿ.ಮೀ. ಕೊಡ್ತಾರೆ. 0.50ಕ್ಕೆ ಕಮ್ಮಿ ನಮ್ಮ ಕಡೆ ಬೇಡ, ತೆಂಗಿನ ಹೆಡೆ ಬಿದ್ರೆ ಗೊತ್ತಾಗುತ್ತೆ. ಶೀಟ್ ಜೋಡಿಸೋದು ಮೂಡಲ ಕಡೆಯಿಂದ ಪಡುವಣಕ್ಕೆ ಬರಬೇಕು. ಆಗ ಒಂದರ ಮೇಲೊಂದು ಕೂತ ಅಂಚಿನ ಬಾಯಿ ಮಳೆಗಾಳಿಗೆ ಬೆನ್ನು ಹಾಕಿರುತ್ತೆ. ಸ್ಕ್ರೂ ಉಬ್ಬಿನ ಮೇಲೆ ಬರಲಿ, ಅದರ ರಬ್ಬರ್ ವಾಷರ್ ಚಪ್ಪಟೆಯಾಗೋಷ್ಟು ಬಿಗಿಯಬಾರದು. ಆ ರಬ್ಬರ್ ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಡುತ್ತೆ, ನಾಲ್ಕೈದು ವರ್ಷಕ್ಕೊಮ್ಮೆ ನೋಡ್ಲೇಬೇಕು. ನೋಡಿ, ಇದಕ್ಕೂ ಮಾಡು ಹತ್ತಬೇಕಾಯ್ತು! ಗ್ರೈಂಡರಲ್ಲಿ ಶೀಟ್ ಮೇಲೇ ಇಟ್ಟು ಕತ್ತರಿಸಿದ್ರೆ ಹಾರಿದ ಕಬ್ಬಿಣದ ಪುಡಿ ಅಲ್ಲೇ ಕೂತು ಮೊದಲ ಮಳೆಗೇ ತುಕ್ಕಿನ ಚುಕ್ಕಿ ಹಿಡಿಯುತ್ತೆ. ಕೆಳಗಿಳಿಸಿ ಕತ್ತರಿಸೋಕೆ ಹೇಳಿ, ಗುಡಿಸೋಕೆ ಹೇಳಿ.

ದನದ ಕೊಟ್ಟಿಗೆಗೆ ತಗ್ಗಿನ ಶೀಟ್ ಹಾಕಿದ್ರೆ ಗಂಜಲದ ಆವಿಗೆ ಅಡಿಯಿಂದ ತಿಂದು ಹಾಕುತ್ತೆ. ಮೇಲೆ ಬಣ್ಣ ಹೊಳೀತಾ ಇರುತ್ತೆ, ಅಡಿಯಲ್ಲಿ ಪುಡಿ ಉದುರುತ್ತೆ. ಸಿಮೆಂಟ್ ಶೀಟ್ ಅಂತೂ ಬೇಡವೇ ಬೇಡ. ಅದರಲ್ಲಿರೋ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮತ್ತೆ ಹಳೇದಾದ ಮೇಲೆ ಕಾಲಿಟ್ರೆ ಬಿಸ್ಕತ್ತಿನ ಹಾಗೆ ಮುರಿಯುತ್ತೆ.

ಅಡುಗೆಮನೆ ಮೇಲೆ, ಅಡಿಕೆ ಮೂಟೆ ಇಡೋ ಅಟ್ಟದ ಮೇಲೆ ಶೀಟ್ ಹಾಕೋ ಮುಂಚೆ ಎರಡು ಸಲ ಯೋಚನೆ ಮಾಡಿ. ಹಂಚಿನ ಸಂದಿಯಲ್ಲಿ ಹೊಗೆ ಹೋಗುತ್ತೆ, ಗಾಳಿ ಆಡುತ್ತೆ. ಶೀಟಿನ ಅಡಿಯಲ್ಲಿ ಚಳಿಗಾಲದ ಬೆಳಗಿನ ಜಾವ ಬೆವರು ಹನಿ ಕಟ್ಟಿ ಮೂಟೆ ಮೇಲೆ ಬೀಳುತ್ತೆ. ಒಣಗಿಸಿದ ಅಡಿಕೆಗೆ, ಕಾಳುಮೆಣಸಿಗೆ ಬೂಷ್ಟು ಬಂದು ಮಂಡೀಲಿ ರೇಟು ಕಮ್ಮಿಯಾದಾಗ ಮಂಡಿಯವರಿಗೆ ಬೈತೀರಿ. ಮೇಲೆ ನೋಡಿ.

ಕೊನೇದಾಗಿ ಸದ್ದು. ಇದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಹಂಚಿನ ಮನೇಲಿ ಜೋರು ಮಳೇಲೂ ಮಾತಾಡಬಹುದು. ಶೀಟಿನ ಮನೇಲಿ ಪಕ್ಕದಲ್ಲಿ ಕೂತವರು ಕೂಗಿದ್ರೂ ಕೇಳಲ್ಲ. ನಮ್ಮಲ್ಲಿ ಎಷ್ಟೋ ಮನೆ ಹಿಂದೆ ಧರೆ ಇದೆ, ಗುಡ್ಡ ಕಡಿದು ಮಾಡಿದ ಜಾಗ. ಧರೆ ಜರಿಯೋ ಮುಂಚೆ ಕಲ್ಲುರುಳೋ ಸದ್ದು, ಬೇರು ಹರಿಯೋ ಸದ್ದು ಬರುತ್ತೆ. ಮರ ಮುರಿಯೋ ಮುಂಚೆ ಒಂದು ಲಟಲಟ ಬರುತ್ತೆ. ಅದನ್ನ ಕೇಳಿ ಹೊರಗೆ ಓಡಿ ಬದುಕಿದವರು ನಮ್ಮ ಸುತ್ತಲೇ ಇದಾರೆ. ಧರೆ ಕಡೆಯ ಕೋಣೆ ಮೇಲೆ ಶೀಟ್ ಹಾಕಿದ್ರೆ ಆ ಕೋಣೇಲಿ ಆಶ್ಲೇಷ ಮಳೆ ರಾತ್ರಿ ಮಕ್ಕಳನ್ನ ಮಲಗಿಸಬೇಡಿ.

ಹಂಚಿನ ಅಡಿಗೆ ಶೀಟ್, ಮೇಲೆ ಹಂಚು, ಹಿಂಗೆ ಎರಡೂ ಹಾಕೋರು ಇದಾರೆ. ದುಡ್ಡಿದ್ದವರು. ಅಲ್ಲಿ ಸೋರಿಕೆ ಕಾಣಲ್ಲ, ಮಧ್ಯದ ರೀಪು ಕೊಳೆಯೋದೂ ಕಾಣಲ್ಲ. ನೀಲಿ ಟಾರ್ಪಾಲು ಒಂದು ಮಳೆಗಾಲದ ಔಷಧಿ, ಹೊಳವಾದ ತಕ್ಷಣ ತೆಗೆಯದಿದ್ರೆ ಅಡಿಯ ಮರ ಬೆಂದು ಹೋಗುತ್ತೆ.

ಆಳು ಇಲ್ಲ ಅನ್ನೋದಕ್ಕೆ ಏನು ಮಾಡೋದು? ನಾನು, ನಮ್ಮ ಕೇರಿಯ ಇನ್ನೂ ಐದು ಮನೆಯವರು ಸೇರಿ ಈ ವರ್ಷ ಮುಯ್ಯಾಳು ಮಾಡ್ಕೊಂಡಿದೀವಿ. ನಾಟಿಗೆ ಮುಯ್ಯಿ ಇತ್ತಲ್ಲ, ಅದೇ ಹಾಗೆ ಮಾಡಿಗೆ. ಒಬ್ಬರ ಮನೆಗೆ ಎಲ್ಲರೂ. ಮಂಡಿ ನೋವಿನ ಹಿರಿಯರೊಬ್ಬರು ಬರೋಕೆ ಒಪ್ಪಿದಾರೆ. ಅವರು ಮಾಡು ಹತ್ತಲ್ಲ, ಅಂಗಳದಲ್ಲಿ ಕುರ್ಚಿ ಹಾಕ್ಕೊಂಡು ಕೂತು ಹೇಳ್ತಾರೆ, ತಪ್ಪು ಮಾಡಿದ್ರೆ ಬೈತಾರೆ. ಅವರಿಗೆ ದಿನಗೂಲಿ ಪೂರ್ತಿ ಕೊಡ್ತೀವಿ. ಡಿಗ್ರಿ ಮುಗಿಸಿ ಊರಿಗೆ ಬಂದಿರೋ ಮೂವರು ಹುಡುಗರು ಕಲೀತೀವಿ ಅಂದಿದಾರೆ, ಅವರಿಗೂ ಕೂಲಿ ಇದೆ. ಮುಂದಿನ ವರ್ಷ ಅವರೇ ಬೇರೆ ಊರಿಗೆ ಹೋಗಿ ದುಡೀಬಹುದು. ನಿಯಮ ಎರಡೇ. ಸೊಂಟಕ್ಕೆ ಹಗ್ಗ ಕಟ್ಟದೇ ಯಾರೂ ಹತ್ತೋ ಹಾಗಿಲ್ಲ. ಹಗ್ಗ ನೆತ್ತಿ ದಾಟಿಸಿ ಆಚೆ ಕಡೆ ಮರಕ್ಕೆ ಕಟ್ಟೋದು. ಇನ್ನೊಂದು, ಹನಿ ಬಿದ್ದ ತಕ್ಷಣ ಎಲ್ಲರೂ ಕೆಳಗೆ, ಕೆಲಸ ಅರ್ಧ ಇದ್ರೂ ಸರಿ.

ಬರೋ ಸೋಮವಾರ ಕುರ್ಚೀಲಿ ಕೂತಿರ್ತಾರೆ ಅಂದೆನಲ್ಲ, ಅವರ ಮನೆ ಕೊಟ್ಟಿಗೆಯಿಂದ ಶುರು. ಮನೆಗೆ ಶೀಟಾಗಿದೆ, ಕೊಟ್ಟಿಗೆ ಇನ್ನೂ ಹಂಚಿಂದೇ. ಅಕ್ಕಪಕ್ಕದ ಊರಿನವರು ನೋಡೋಕೆ ಬರಬಹುದು, ನಿಮ್ಮೂರಲ್ಲೂ ಮಾಡೋ ಮನಸ್ಸಿದ್ರೆ ಇಬ್ಬರು ಹುಡುಗರನ್ನ ಕಳಿಸಿ. ಬೆಳಿಗ್ಗೆ ಏಳಕ್ಕೆ ಬನ್ನಿ, ಹತ್ತರ ಮೇಲೆ ಹಂಚು ಮುಟ್ಟೋಕಾಗಲ್ಲ, ಸುಡುತ್ತೆ. ಏಣಿ ನಮ್ಮದು ಹದಿನೆಂಟು ಅಡಿಯದ್ದು ಇದೆ. ಹಗ್ಗ ಮಾತ್ರ ನೀವೇ ತನ್ನಿ.